ಹಳೆಯ ಜೀಪೂ ಡೀಸೆಲಿನ ದುರ್ವ್ಯಯವೂ

ಮಲೆನಾಡಿನ ತೋಟದ ಹಾದಿಗಳಿಗೆ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಸಲ್ಲುವ ಹಳೆಯ ಜೀಪು ಇಂದಿಗೂ ಅವಶ್ಯಕವಾಗಿರುವುದಷ್ಟೆ. ಅದು ಡೀಸೆಲನ್ನು ಅತಿಯಾಗಿ ನುಂಗತೊಡಗಿದೊಡನೆ ಎಂಜಿನು ಕೆಟ್ಟಿತೆಂದು ಬಗೆದು, ಸಾಲಮಾಡಿ ಬಿಚ್ಚಿಸಿದ ಜಮೀನುದಾರರನ್ನು ನಾನು ಕಂಡಿರುತ್ತೇನೆ. ಇದು ಆತುರದ ಕೆಲಸವೆಂದು ನನ್ನ ಅಭಿಪ್ರಾಯ.

ಮೊದಲು ಅಳತೆಯಾಗತಕ್ಕದ್ದು. ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದಿಟ್ಟು, 200 ಕಿಲೋಮೀಟರು ನಡೆಸಿ ಪುನಃ ತುಂಬಿಸಿದರೆ, ಲೀಟರಿಗೆ ಎಷ್ಟು ದೂರವೆಂಬುದು ನಿಶ್ಚಯವಾಗುವುದು.

ಬಳಿಕ ಮುಂದಿನ ಚಕ್ರಗಳಿಗೆ ಬಲ ಕೊಡುವ ಲಿವರನ್ನು ನೋಡಬೇಕು. ಕೆಸರಿನಲ್ಲಿ ಹಾಕಿದ ಲಿವರನ್ನು ಗಟ್ಟಿ ರಸ್ತೆಗೆ ಬಂದಮೇಲೂ ತೆಗೆಯದಿದ್ದರೆ, ತಿರುವುಗಳಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದಕ್ಕೊಂದು ಎಳೆದಾಡಿ, ಟೈರೂ ಡೀಸೆಲೂ ವ್ಯರ್ಥವಾಗುವುವು. ಗಾಳಿ ಕಡಮೆಯಾದ ಟೈರು, ಧೂಳು ಕಟ್ಟಿದ ಏರ್ ಫಿಲ್ಟರು, ಹಿಡಿದುಕೊಂಡ ಬ್ರೇಕು ಇವುಗಳಿಂದಲೂ ನಷ್ಟವುಂಟು. ಬ್ರೇಕು ಹಿಡಿದಿದ್ದರೆ, ಸ್ವಲ್ಪ ದೂರ ಓಡಿಸಿದ ಮೇಲೆ ಆ ಚಕ್ರದ ಡ್ರಮ್ಮು ಉಳಿದವುಗಳಿಗಿಂತ ಬಿಸಿಯಾಗಿರುವುದು.

ಇಷ್ಟನ್ನೂ ಸರಿಪಡಿಸಿದ ಮೇಲೆಯೂ ಕಪ್ಪು ಹೊಗೆ ಕಾಣುತ್ತಿದ್ದರೆ, ಡೀಸೆಲು ಸಿಂಪಡಿಸುವ ನಾಜಲುಗಳನ್ನು ಪರೀಕ್ಷೆ ಮಾಡಿಸತಕ್ಕದ್ದು. ಎಂಜಿನನ್ನು ಬಿಚ್ಚುವ ಮಾತು ಕಟ್ಟಕಡೆಯದು. ಗೊಬ್ಬರಕ್ಕೆ ಒದಗಬೇಕಾದ ಹಣವು ಹೊಗೆಯಾಗಿ ಹೋಗದಂತೆ ಗ್ರಾಮದ ಮುಖಂಡರು ತಾವೇ ಮೊದಲು ನಡೆದು ತೋರಿಸಬೇಕೆಂದು ಪ್ರಾರ್ಥಿಸುತ್ತೇನೆ.