ಪುಟ್ಟಣ್ಣನವರು ಬರೆದಿಟ್ಟ ಬದುಕು



ದೇವನಹಳ್ಳಿಯ ಕೋಟೆಯನ್ನು ನೋಡಿಬಂದವರೆಲ್ಲರೂ ಟಿಪ್ಪುಸುಲ್ತಾನನ ಹೆಸರು ಹೇಳುತ್ತಾರೆ. 1501ರಲ್ಲಿ ಅಲ್ಲಿ ಮೊದಲು ಮಣ್ಣಿನ ಕೋಟೆ ಕಟ್ಟಿಸಿದ ಆವತಿ ಮನೆತನದ ಮಲ್ಲಭೈರೇಗೌಡನ ಸುದ್ದಿ ಬಲ್ಲವರು ಕಡಿಮೆ. ನಮ್ಮ ಅಜ್ಜಿ ಆ ಪಾಳೆಯಗಾರರ ಕಥೆಗಳನ್ನು ಬೆಳುದಿಂಗಳ ರಾತ್ರಿಗಳಲ್ಲಿ ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದರು. ನಾವು ಕೇಳಿದೆವು, ಬರೆದಿಡಲಿಲ್ಲ. ಅವರು ಲಿಂಗೈಕ್ಯರಾದ ಮೇಲೆ ನನ್ನ ನೆನಪಿನಲ್ಲಿ ಉಳಿದಿರುವುದು ಎರಡೋ ಮೂರೋ ಕಥೆ, ಅವೂ ಅರೆಬರೆ.

ಈ ಅಳಲು ಕಾಡಿದಾಗಲೆಲ್ಲ ಎಂ. ಎಸ್. ಪುಟ್ಟಣ್ಣನವರು ನೆನಪಾಗುತ್ತಾರೆ. 1854ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರ ನಿಜನಾಮ ಲಕ್ಷ್ಮೀನರಸಿಂಹ ಶಾಸ್ತ್ರಿ. ತಾಯಿಯನ್ನು ಶೈಶವದಲ್ಲಿಯೇ ಕಳೆದುಕೊಂಡ ಮಗುವನ್ನು ಮನೆಯವರು ಅಕ್ಕರೆಯಿಂದ ಕರೆದ ಹೆಸರೇ ಕಡೆಗೆ ಉಳಿಯಿತು. ಉಪಾಧ್ಯಾಯರಾಗಿ, ಭಾಷಾಂತರಕಾರರಾಗಿ, ಅಮಲ್ದಾರರಾಗಿ ದುಡಿದರು. ಕಂದಾಯದ ಲೆಕ್ಕ, ಜಮಾಬಂದಿಗಳ ನಡುವೆ ಬರವಣಿಗೆಗೆ ಬಿಡುವನ್ನು ಹೇಗೆ ಹೊಂದಿಸಿಕೊಂಡರೋ! ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕವನ್ನು ‘ಹೇಮಚಂದ್ರರಾಜ ವಿಲಾಸ’ವೆಂದು ಕನ್ನಡಕ್ಕೆ ತಂದರು.

ಆದರೆ ನನಗೆ ಅತ್ಯಂತ ಪ್ರಿಯವಾದದ್ದು ಅವರ ‘ಕುಣಿಗಲ್ ರಾಮಶಾಸ್ತ್ರಿಗಳ ಚರಿತ್ರೆ’. ನೆಲಮಂಗಲದಿಂದ ಪಶ್ಚಿಮಕ್ಕೆ ಹೊರಟರೆ ಸಿಗುವ ಅದೇ ಕುಣಿಗಲ್. 1910ರಲ್ಲಿ ಪ್ರಕಟವಾದ ಈ ಗ್ರಂಥವನ್ನು ಹೊಸಗನ್ನಡದ ಮೊದಲ ಜೀವನಚರಿತ್ರೆಗಳ ಸಾಲಿನಲ್ಲಿ ಎಣಿಸುತ್ತಾರೆ. ಇದರ ನಾಯಕನು ಅರಸನಲ್ಲ, ದಂಡನಾಯಕನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತರ್ಕಪಂಡಿತ, ‘ಶತಕೋಟಿ’ಯ ಕರ್ತೃ. ದೊರೆಗಳಿಗೆ ವಂಶಾವಳಿ ಬರೆಯುವವರಿದ್ದರು. ಪಾಠ ಹೇಳಿ, ವಾದ ಮಾಡಿ ಬದುಕಿದ ಒಬ್ಬ ವಿದ್ವಾಂಸನ ಬಾಳನ್ನು ಇಡೀ ಪುಸ್ತಕವಾಗಿ ಬರೆಯಬಹುದೆಂದು ಎಷ್ಟು ಜನಕ್ಕೆ ತೋಚಿತ್ತು? ಮುಮ್ಮಡಿಯವರು 1868ರಲ್ಲಿ ತೀರಿಕೊಂಡಾಗ ಪುಟ್ಟಣ್ಣನವರಿನ್ನೂ ಹುಡುಗ. ಗ್ರಂಥ ಅಚ್ಚಾಗುವ ಹೊತ್ತಿಗೆ ಅವರಿಗೆ 56ರ ಪ್ರಾಯ. ಆ ಕಾಲವನ್ನು ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದರು. ಇನ್ನು ಇಪ್ಪತ್ತು ವರ್ಷ ತಡೆದಿದ್ದರೆ ಕೇಳಲು ಯಾರೂ ಉಳಿಯುತ್ತಿರಲಿಲ್ಲ.

ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನೂ ಅವರು ಬರೆದರು. 1915ರ ‘ಮಾಡಿದ್ದುಣ್ಣೋ ಮಹಾರಾಯ’ ಕಾದಂಬರಿಗೂ ಮುಮ್ಮಡಿಯವರ ಕಾಲವೇ ಹಿನ್ನೆಲೆ. 1930ರಲ್ಲಿ ಅವರು ಕಾಲವಾದರು. ‘ಅವರಿಲ್ಲದೂಟ’ ಎಂಬ ಕೃತಿಯು ಓದುಗರ ಕೈಸೇರಿದ್ದು 1959ರಲ್ಲಿ.

ನಮ್ಮ ದೊಡ್ಡಪ್ಪನವರಿಗೆ ಈಗ 86 ವರ್ಷ. ಅಜ್ಜಿಯ ಕಥೆಗಳನ್ನು ನನಗಿಂತ ಹೆಚ್ಚು ಕೇಳಿದವರು ಅವರು. ಬರುವ ಸೋಮವಾರ ಪೂಜೆ, ಪ್ರಸಾದ ಮುಗಿದ ಮೇಲೆ ಒಂದು ನೋಟುಪುಸ್ತಕ ಹಿಡಿದು ಅವರ ಬಳಿ ಕೂರುವುದೆಂದು ನಿಶ್ಚಯಿಸಿದ್ದೇನೆ. ಸ್ವಲ್ಪ ಕಿವಿ ಮಂದ, ಗಟ್ಟಿಯಾಗಿ ಕೇಳಬೇಕು.