ಬಿಟ್ಟ ಮೀನಿನ ಲೆಕ್ಕ

ಮಕ್ಕಳೇ, ಈ ವಾರ ನಿಮಗೆ ನನ್ನದೊಂದು ಹಳೆಯ ತಪ್ಪನ್ನು ಹೇಳಬೇಕಾಗಿದೆ. ಮೊಮ್ಮಗಳ ಮುಂದೆ ಒಪ್ಪಿಕೊಂಡಾಗಿದೆ. ನಿಮ್ಮ ಮುಂದೆಯೂ ಒಪ್ಪಿಕೊಂಡರೆ ಮನಸ್ಸು ಸ್ವಲ್ಪ ಹಗುರಾದೀತು.

ಡಿಸೆಂಬರ್ ರಜೆಯಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ನಾವಿಬ್ಬರು ಮುದುಕರು ಕುಶಾಲನಗರದ ಹತ್ತಿರ, ಕಾವೇರಿ ದಡದ ಒಂದು ವಿಹಾರಧಾಮದಲ್ಲಿ ಮೂರು ದಿನ ಉಳಿದಿದ್ದೆವು. ಆರನೇ ಕ್ಲಾಸಿನ ಮೊಮ್ಮಗಳಿಗೆ ಅಲ್ಲಿನ ಉಯ್ಯಾಲೆ, ಜಾರುಬಂಡೆ ಮೊದಲ ದಿನಕ್ಕೇ ಸಾಕಾಯಿತು. "ತಾತ, ನಾಳೆ ಮೀನು ಹಿಡಿಯೋಕೆ ಹೋಗೋಣ" ಎಂದು ಹಠ ಹಿಡಿದಳು. ನಮ್ಮಾಕೆ ನಕ್ಕು, "ನಿನ್ನ ತಾತನಿಗೆ ಲೆಡ್ಜರ್ ಹಿಡಿಯೋದು ಬಿಟ್ಟು ಇನ್ನೇನೂ ಬರಲ್ಲ" ಎಂದಳು.

ಮಾರನೆಯ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ವಾಲ್ನೂರಿಗೆ ಹೋದೆವು. ಅಲ್ಲಿ ಹೊಳೆಯ ಒಂದಷ್ಟು ಉದ್ದವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಬಹಳ ವರ್ಷಗಳಿಂದ ಕಾಯುತ್ತ ಬಂದಿದ್ದಾರೆ. ಪರವಾನಗಿ ಪಡೆದೇ ಗಾಳ ಹಾಕಬೇಕು, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ನಮ್ಮ ಜೊತೆಗೆ ಆ ಊರಿನ ಒಬ್ಬ ಯುವಕ ಬಂದ.

ಅವನು ಚೀಲದಿಂದ ತೆಗೆದದ್ದೇನು ಗೊತ್ತೇ? ರಾಗಿ ಮುದ್ದೆ! "ಬಿಳಿ ಮೀನಿಗೆ ಮುದ್ದೆ ಅಂದ್ರೆ ಪ್ರಾಣ ಸಾರ್" ಎಂದ. ಇಂಗ್ಲಿಷಿನಲ್ಲಿ ಮಹಶೀರ್ ಎನ್ನುವ ಮೀನೇ ನಮ್ಮ ಕಾವೇರಿ ಕಡೆಯ ಬಿಳಿ ಮೀನು. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಶಂಖದ ಹುಳುಗಳನ್ನು ಅಲ್ಲೇ ಅರೆದು ನುಂಗುತ್ತದೆ. ಅವನು ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ. ಹಾಗೆ ಮಾಡಿದರೆ ಮೀನಿನ ತುಟಿ ಹರಿಯದೆ ಕೊಕ್ಕೆ ಸುಲಭವಾಗಿ ಬಿಡಿಸಿಕೊಳ್ಳುತ್ತದಂತೆ.

ಎರಡು ಗಂಟೆ ಏನೂ ಇಲ್ಲ. ಮೊಮ್ಮಗಳು ಆಕಳಿಸಿದಳು. ಚಿತ್ರಾನ್ನದ ಡಬ್ಬಿ ಬಿಚ್ಚಬೇಕು ಎನ್ನುವಷ್ಟರಲ್ಲಿ ಕೋಲು ಬಿಲ್ಲಿನಂತೆ ಬಾಗಿ, ರಾಟೆ ಗರಗರನೆ ತಿರುಗಿತು. ಯುವಕ ಅವಳ ಹಿಂದೆ ನಿಂತು ಕೋಲಿಗೆ ಕೈ ಕೊಟ್ಟ. ಹತ್ತು ನಿಮಿಷ ಎಳೆದಾಟ ನಡೆದ ಮೇಲೆ ಸುಮಾರು ಎರಡು ಕೆ.ಜಿ. ತೂಗುವ ಮೀನು ದಡಕ್ಕೆ ಬಂತು. ದೊಡ್ಡ ದೊಡ್ಡ ಹುರುಪೆ, ಬಾಯಿಯ ಬದಿಗೆ ನಾಲ್ಕು ಮೀಸೆ.

"ಇದು ಅಳಿದುಹೋಗ್ತಿರೋ ಮೀನಾ ಅಣ್ಣ?" ಎಂದು ಮೊಮ್ಮಗಳು ಕೇಳಿದಳು. "ಅಲ್ಲ ಪುಟ್ಟಿ, ಇದರ ರೆಕ್ಕೆ ನೀಲಿ ನೋಡು. ಅದಕ್ಕೆ ಬೆನ್ನ ಮೇಲೆ ಡುಬ್ಬ ಇರುತ್ತೆ, ರೆಕ್ಕೆ ಕಿತ್ತಳೆ ಬಣ್ಣ. ನಾನೂ ಅದನ್ನು ಕಣ್ಣಾರೆ ನೋಡಿಲ್ಲ" ಎಂದ ಆ ಯುವಕ.

ಆ ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು. ಒಂದು ಮೂಟೆ ಅಕ್ಕಿಗಿಂತ ಭಾರ! ಇಷ್ಟು ಹೆಸರಾದ ಡುಬ್ಬದ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೊಳೆಯಲ್ಲಿ ಮೀನು ಕಡಿಮೆಯಾಯಿತೆಂದು ಒಳ್ಳೆಯ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಅವು ಹೆಚ್ಚಿದವು, ಮನೆಯ ಮೀನು ಮೂಲೆಗೆ ಸರಿಯಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಇವೆಲ್ಲ ಸೇರಿಕೊಂಡವು.

ಸಿಡಿಮದ್ದು ಎಂದ ಕೂಡಲೇ ಮೊಮ್ಮಗಳು ನನ್ನ ಕಡೆ ತಿರುಗಿದಳು. "ತಾತ, ಹಾಗೂ ಮೀನು ಹಿಡೀತಾರಾ? ನೀವು ನೋಡಿದ್ದೀರಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಆಗ ನನಗೆ ಇಪ್ಪತ್ನಾಲ್ಕು ವರ್ಷ, ಕಾವೇರಿ ದಡದ ಒಂದು ಸಣ್ಣ ಊರಿನ ಶಾಖೆಯಲ್ಲಿ ಗುಮಾಸ್ತ. ಒಂದು ಭಾನುವಾರ, ಕಲ್ಲುಗಣಿ ನಡೆಸುತ್ತಿದ್ದ ಗಿರಾಕಿಯೊಬ್ಬರು ನಮ್ಮನ್ನೆಲ್ಲ ಹೊಳೆಗೆ ಕರೆದೊಯ್ದರು. ಆಳವಾದ ಮಡುವಿಗೆ ತೋಟೆ ಹಚ್ಚಿ ಎಸೆದರು. ಧಡ್ ಎಂದು ನೀರು ಮೇಲಕ್ಕೆದ್ದಿತು. ಆಮೇಲೆ ನೀರಿನ ಮೇಲೆಲ್ಲ ಬಿಳಿಯ ಹೊಟ್ಟೆಗಳು. ದೊಡ್ಡವನ್ನು ಆರಿಸಿಕೊಂಡರು. ಬೆರಳುದ್ದದ ಮರಿಗಳು ನೂರಾರು ಹಾಗೇ ತೇಲಿ ಹೋದವು. ನನ್ನ ಚೀಲಕ್ಕೂ ಒಂದು ದೊಡ್ಡ ಮೀನು ಬಿತ್ತು. ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಅಮ್ಮ ಸಾರು ಮಾಡಿದಳು, ನಾನು ಉಂಡೆ.

ಗಾಳ ಹಾಕಿ ಊಟಕ್ಕೊಂದು ಮೀನು ಹಿಡಿಯುವವನು ಹೊಳೆಯ ಬಡ್ಡಿ ತಿನ್ನುತ್ತಾನೆ. ತೋಟೆ ಹಾಕುವವನು ಅಸಲನ್ನೇ ನುಂಗುತ್ತಾನೆ. ದಿನವೂ ಬಡ್ಡಿ ಲೆಕ್ಕ ಬರೆಯುತ್ತಿದ್ದ ನನಗೆ ಅಂದು ಇಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲ.

ಮೊಮ್ಮಗಳು ಮಾತಾಡಲಿಲ್ಲ. ಯುವಕ ಹೇಳಿದಂತೆ ಕೈ ಒದ್ದೆ ಮಾಡಿಕೊಂಡಳು. ಒಣಗೈಯಲ್ಲಿ ಮುಟ್ಟಿದರೆ ಮೀನಿನ ಮೈಯ ಲೋಳೆ ಕಿತ್ತು ರೋಗ ತಗಲುತ್ತದಂತೆ. ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ಕಾದಳು. ಕಿವಿರು ಮೆಲ್ಲಗೆ ತೆರೆದು ಮುಚ್ಚಿತು. ಬಾಲ ಒಮ್ಮೆ ಬಡಿದು ಮೀನು ಕೈಯಿಂದ ಜಾರಿತು.

ಸಂಜೆಯವರೆಗೂ ಅವಳು ನನ್ನ ಹತ್ತಿರ ಸುಳಿಯಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಕೇಳಿದಳು, "ತಾತ, ಆ ಮೀನಿಗೆ ಡುಬ್ಬ ಇತ್ತಾ?"

ನೆನಪಿಲ್ಲ ಎಂದೆ. ನಿಜವಾಗಿಯೂ ನೆನಪಿಲ್ಲ, ಮಕ್ಕಳೇ. ಅಂದು ನಾನು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಅವಳು ಸುಮ್ಮನೆ ತನ್ನ ತಟ್ಟೆಯ ಹಪ್ಪಳವನ್ನು ಅರ್ಧ ಮುರಿದು ನನ್ನ ತಟ್ಟೆಗಿಟ್ಟಳು.

ಈ ವಾರ ನಿಮಗೊಂದು ಕೆಲಸ. ನಿಮ್ಮೂರ ಹೊಳೆ ಕೆರೆಗಳಲ್ಲಿ ಹಿಂದೆ ಯಾವ ಯಾವ ಮೀನಿದ್ದವು ಎಂದು ಅಜ್ಜ ಅಜ್ಜಿಯನ್ನು ಕೇಳಿ, ಹೆಸರುಗಳನ್ನು ಬರೆದಿಡಿ. ಅಜ್ಜ ಅಜ್ಜಿಯರೇ, ಮಕ್ಕಳು ಕೇಳಿದಾಗ ನಿಜವನ್ನೇ ಹೇಳಿ. ಹಪ್ಪಳ ಸಿಕ್ಕರೂ ಸಿಗಬಹುದು.