ನೇಕಾರನಿಗೆ ದಂಡ, ಕಂತ್ರಾಟುದಾರನಿಗೆ ಬಿಲ್ಲು

ಹೋಟೆಲಿನಲ್ಲಿ ದುಡಿಯುವ ಹುಡುಗನ ಕೈಯಿಂದ ಗ್ಲಾಸು ಜಾರಿ ಒಡೆದರೆ ತಿಂಗಳ ಕೊನೆಗೆ ಅದರ ಬೆಲೆ ಅವನ ಪಗಾರದಿಂದ ಹೋಗುತ್ತದೆ. ದೋಸೆ ಕರಿಕಾದರೆ ಗಿರಾಕಿ ತಟ್ಟೆಯನ್ನು ಹಿಂದಕ್ಕೆ ತಳ್ಳುತ್ತಾನೆ. ಆಗ ಇನ್ನೊಂದು ದೋಸೆ ಹೊಯ್ದು ಕೊಡಬೇಕೇ ಹೊರತು ಎರಡು ದೋಸೆಯ ಬಿಲ್ಲು ಬರೆಯುವಂತಿಲ್ಲ. ಕೆಲಸ ಕೆಟ್ಟರೆ ಕೂಲಿ ಇಲ್ಲ ಎಂಬ ನ್ಯಾಯವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಗಿರಣಿಯ ಹಳಬರನ್ನು ಕೇಳಿರಿ. ಅವರ ತಂದೆ ತಾತಂದಿರ ಕಾಲದಲ್ಲಿ ಮಗ್ಗದ ಮೇಲೆ ಬಟ್ಟೆ ಖರಾಬಾದರೆ ಮಾಲೀಕನು ಆ ಬಟ್ಟೆಯನ್ನು ನೇಕಾರನ ಕೈಗೇ ಕೊಟ್ಟು, ಅದರ ಬೆಲೆಯನ್ನು ಅವನ ಪಗಾರದಿಂದ ಮುರಿದುಕೊಳ್ಳುತ್ತಿದ್ದನು. ನೂಲು ಕಳಪೆಯಾಗಿತ್ತೇ, ಮಗ್ಗ ಹಳೆಯದಾಗಿತ್ತೇ ಎಂದು ಕೇಳುವವರಿರಲಿಲ್ಲ. ನೇಕಾರನು ಆ ಬಟ್ಟೆಯನ್ನು ಹೊತ್ತುಕೊಂಡು ಬಜಾರಿನಲ್ಲಿ ಸಿಕ್ಕಿದ ಬೆಲೆಗೆ ಮಾರಬೇಕಾಗಿತ್ತು. ಕಾರ್ಮಿಕರು ವರ್ಷಗಟ್ಟಲೆ ಕೂಗೆಬ್ಬಿಸಿದ ಮೇಲೆ, 1936ರ ವೇತನ ಪಾವತಿ ಕಾಯ್ದೆ ಬಂದು ಇಂಥ ದಂಡ ಮತ್ತು ಕಡಿತಗಳಿಗೆ ಮಿತಿ ಹಾಕಿತು.

ಈಗ ಅದೇ ಪರಳಿನ ಗಿರಣಿಯ ಗೇಟಿನಿಂದ ಹೊರಬಂದು ರಸ್ತೆಯನ್ನು ನೋಡಿರಿ. ಇಲ್ಲಿ ಆ ನ್ಯಾಯ ತಲೆಕೆಳಗಾಗಿದೆ. ಮುಂಬಯಿ ಮಹಾನಗರ ಪಾಲಿಕೆಯ ಕೈಯಲ್ಲಿ ಸುಮಾರು 2,000 ಕಿಲೋಮೀಟರು ರಸ್ತೆಗಳಿವೆ. ಅವುಗಳ ದುರಸ್ತಿಗೆ ಹಿಂದಿನಿಂದ ನಡೆದುಬಂದ ಪದ್ಧತಿ ಸರಕಿನ ಲೆಕ್ಕದ್ದು: ಎಷ್ಟು ಖಡಿ ಸುರಿದೆ, ಎಷ್ಟು ಡಾಂಬರು ಹಾಕಿದೆ, ಎಷ್ಟು ಚದರ ಮೀಟರು ಮುಚ್ಚಿದೆ, ಅಷ್ಟಕ್ಕೆ ಬಿಲ್ಲು. ಗುಂಡಿ ಹೆಚ್ಚಾದಷ್ಟೂ ಬಿಲ್ಲು ದಪ್ಪವಾಗುತ್ತದೆ. ಜೂನ್ ತಿಂಗಳಲ್ಲಿ ಮುಚ್ಚಿದ ಗುಂಡಿ ಜುಲೈಯಲ್ಲಿ ಬಾಯಿ ತೆರೆದರೆ ನಷ್ಟ ಯಾರಿಗೆ? ಮುಚ್ಚಿದವನಿಗಂತೂ ಅಲ್ಲ, ಅವನಿಗೆ ಅದು ಇನ್ನೊಂದು ಕೆಲಸ. ರಸ್ತೆ ಗಟ್ಟಿಯಾಗಿ ಉಳಿದರೆ ಅವನ ಅಂಗಡಿಗೆ ಬೀಗ. ಇಂಥ ಲೆಕ್ಕ ಇಟ್ಟುಕೊಂಡು ಒಳ್ಳೆಯ ರಸ್ತೆ ಬಯಸುವುದು ಬೆಕ್ಕಿನ ಮುಂದೆ ಹಾಲಿಟ್ಟು ಉಪವಾಸ ಮಾಡೆಂದು ಹೇಳಿದಂತೆ.

ನಷ್ಟ ಯಾರಿಗೆಂಬುದು ನಮಗೆ ಗೊತ್ತು. ಹೋಟೆಲು ಮುಚ್ಚಿ, ಪಾತ್ರೆ ತೊಳೆದು, ನಡುರಾತ್ರಿಯಲ್ಲಿ ಸೈಕಲ್ ತುಳಿದು ಖೋಲಿ ಸೇರುವವನಿಗೆ. ನೀರು ನಿಂತ ರಸ್ತೆಯಲ್ಲಿ ಗುಂಡಿ ಎಲ್ಲಿದೆಯೆಂದು ಕಾಲಿನಿಂದ ತಡಕಾಡುತ್ತ ಸ್ಟೇಶನ್ನಿಗೆ ನಡೆಯುವವನಿಗೆ. 2015ರ ಜುಲೈಯಲ್ಲಿ ಜೋಗೇಶ್ವರಿ-ವಿಕ್ರೋಲಿ ಜೋಡು ರಸ್ತೆಯ ಗುಂಡಿಯೊಂದು ಹದಿನಾರು ವರ್ಷದ ಹುಡುಗನ ಪ್ರಾಣ ತೆಗೆಯಿತು. ತರಕಾರಿ ಮಾರಿ ಬದುಕುವ ಅವನ ತಂದೆ ದಾದಾರಾವ್ ಬಿಲ್ಹೋರೆ ಅಂದಿನಿಂದ ತಾವೇ ಕಲ್ಲುಮಣ್ಣು ಹೊತ್ತು ನಗರದ ಗುಂಡಿಗಳನ್ನು ಮುಚ್ಚುತ್ತ ಬಂದರು. ಮಗನನ್ನು ಕಳೆದುಕೊಂಡ ತಂದೆ ಬಿಲ್ಲಿಲ್ಲದೆ ಮಾಡಿದ ಕೆಲಸವನ್ನು ಕೋಟಿ ಕೋಟಿ ಬಿಲ್ಲು ಪಡೆದವರು ಏಕೆ ಮಾಡಲಿಲ್ಲ?

ಮುಂಬಯಿ ಹೈಕೋರ್ಟು 2013ರಲ್ಲಿ ಈ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡಿತು. ಹನ್ನೆರಡು ವರ್ಷ ಆದೇಶದ ಮೇಲೆ ಆದೇಶ ಹೊರಟಿತು. ಕಟ್ಟಕಡೆಗೆ 2025ರ ಅಕ್ಟೋಬರದಲ್ಲಿ ಕೋರ್ಟು, ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ 50,000ದಿಂದ 2.5 ಲಕ್ಷದವರೆಗೆ ಪರಿಹಾರ ಕೊಡಬೇಕೆಂದಿತು. ಆ ಹಣವನ್ನು ಹೊಣೆಗಾರರಾದ ಅಧಿಕಾರಿ ಮತ್ತು ಕಂತ್ರಾಟುದಾರರಿಂದ ವಸೂಲು ಮಾಡಬೇಕೆಂದಿತು. ತಿಳಿಸಿದ 48 ಗಂಟೆಯೊಳಗೆ ಗುಂಡಿ ಮುಚ್ಚಬೇಕೆಂದಿತು. ಇದನ್ನು ನಾವು ಹೃತ್ಪೂರ್ವಕ ಸ್ವಾಗತಿಸುತ್ತೇವೆ. ಆದರೆ ಪರಿಹಾರ ಬರುವುದು ಹೆಣ ಬಿದ್ದ ಮೇಲೆ. ಹೆಣ ಬೀಳುವ ಮೊದಲೇ ಕಂತ್ರಾಟುದಾರನ ಜೇಬಿಗೆ ಬಿಸಿ ತಟ್ಟುವ ದಾರಿ ಬೇಡವೇ?

ದಾರಿ ಇದೆ. ಸರಕಿನ ಲೆಕ್ಕವನ್ನು ಬಿಟ್ಟು ಫಲದ ಲೆಕ್ಕಕ್ಕೆ ಹಣ ಕೊಡುವ ಕಂತ್ರಾಟು ಅದು. ಇಷ್ಟು ಕಿಲೋಮೀಟರು ರಸ್ತೆ ನಿನ್ನ ವಶ; ಐದೋ ಹತ್ತೋ ವರ್ಷ ಅದನ್ನು ಚೆನ್ನಾಗಿಡು; ತಿಂಗಳಿಗೆ ಇಷ್ಟು ಹಣ. ಎಷ್ಟು ಡಾಂಬರು ಸುರಿಯುತ್ತೀಯೋ ಅದು ನಿನ್ನ ಖರ್ಚು. ಗೊತ್ತುಪಡಿಸಿದ ಗಂಟೆಯೊಳಗೆ ಗುಂಡಿ ಮುಚ್ಚದಿದ್ದರೆ, ಚರಂಡಿ ಕಟ್ಟಿಕೊಂಡು ನೀರು ನಿಂತರೆ, ಆ ತಿಂಗಳ ಹಣದಲ್ಲಿ ಕಡಿತ. ಆಗ ಮೊದಲ ಸಲವೇ ಗಟ್ಟಿಯಾಗಿ ಹಾಕುವುದೇ ಅವನಿಗೆ ಲಾಭ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು 1988ರಲ್ಲಿಯೇ ಇದನ್ನು ಆರಂಭಿಸಿತು. ಬಳಿಕ ಅರ್ಜೆಂಟೀನ ದೇಶ ತನ್ನ ಹೆದ್ದಾರಿಗಳಿಗೆ ಅನ್ವಯಿಸಿತು. ನಮ್ಮ ದೇಶದಲ್ಲಿಯೇ ಪಂಜಾಬು ಸಂಗ್ರೂರ, ಮಾನ್ಸಾ, ಬಠಿಂಡಾ ಕಡೆಯ ಸುಮಾರು 200 ಕಿಲೋಮೀಟರು ರಸ್ತೆಯನ್ನು ವಿಶ್ವಬ್ಯಾಂಕಿನ ನೆರವಿನಿಂದ ಹತ್ತು ವರ್ಷದ ಇಂಥ ಕಂತ್ರಾಟಿಗೆ ಕೊಟ್ಟಿತು.

ನಮ್ಮ ಪಾಲಿಕೆ ಏನೂ ಮಾಡಿಲ್ಲವೇ ಎಂದು ಕೆಲವರು ಕೇಳಬಹುದು. ಅರ್ಧ ಹೆಜ್ಜೆ ಇಟ್ಟಿದೆ. 2023ರ ಜನವರಿಯಲ್ಲಿ ಸುಮಾರು 400 ಕಿಲೋಮೀಟರು ರಸ್ತೆಗೆ ಕಾಂಕ್ರೀಟು ಹಾಕಲು 6,000 ಕೋಟಿಗೂ ಮೇಲ್ಪಟ್ಟ ಕಂತ್ರಾಟನ್ನು ಐವರಿಗೆ ಹಂಚಲಾಯಿತು. ದಕ್ಷಿಣ ಮುಂಬಯಿಯ ಭಾಗ ಪಡೆದವನು ಕೆಲಸವನ್ನೇ ಸರಿಯಾಗಿ ಆರಂಭಿಸದೆ, ಅದೇ ವರ್ಷದ ನವೆಂಬರದಲ್ಲಿ ಅವನ ಕಂತ್ರಾಟು ರದ್ದಾಯಿತು. ಕಾಂಕ್ರೀಟು ರಸ್ತೆಗೆ ಹತ್ತು ವರ್ಷದ ದೋಷದ ಹೊಣೆ ಕಂತ್ರಾಟುದಾರನದೆಂದು ಷರತ್ತಿದೆ, ನಿಜ. ಆದರೆ ದೋಷದ ಹೊಣೆ ಎಂದರೆ ಕೆಟ್ಟ ಮೇಲೆ ಇಂಜಿನಿಯರ ಸಾಹೇಬರು ನೋಡಿ, ಚೀಟಿ ಬರೆದು, ಆ ಮನುಷ್ಯನನ್ನು ಹುಡುಕಿಕೊಂಡು ಹೋಗುವ ಕೆಲಸ. ಫಲದ ಕಂತ್ರಾಟಿನಲ್ಲಿ ಹಾಗಲ್ಲ. ತಿಂಗಳ ಹಣ ಪಾಲಿಕೆಯ ಗಲ್ಲೆಯಲ್ಲೇ ಇರುತ್ತದೆ, ಅವನೇ ಹುಡುಕಿಕೊಂಡು ಬರಬೇಕು. ಈ ವ್ಯತ್ಯಾಸ ಪಗಾರಕ್ಕಾಗಿ ಗಲ್ಲೆಯ ಮುಂದೆ ನಿಂತವರಿಗೆ ಬೇಗ ಅರ್ಥವಾಗುತ್ತದೆ.

ಇಷ್ಟು ಹೇಳಿ ನಾವು ಜಯಘೋಷ ಮಾಡುವವರಲ್ಲ. ನಮಗೆ ಎರಡು ಭಯಗಳಿವೆ.

ಮೊದಲನೆಯದು ಅಳತೆಗೋಲಿನ ಭಯ. ಫಲಕ್ಕೆ ಹಣವೆಂದ ಮೇಲೆ ಫಲವನ್ನು ಅಳೆಯುವವನೇ ದೊಡ್ಡ ಮನುಷ್ಯ. 2016ರಲ್ಲಿ 34 ರಸ್ತೆಗಳ ವಿಚಾರಣೆ ನಡೆದಾಗ ಏನಾಯಿತೆಂಬುದನ್ನು ಮರೆಯಬೇಡಿರಿ. ಕಂತ್ರಾಟುದಾರರ ಮೇಲೆ ಪೊಲೀಸು ಫಿರ್ಯಾದಿಯಾಯಿತು. ಕೆಲಸದ ಗುಣ ನೋಡಲೆಂದೇ ನೇಮಿಸಿದ್ದ ಹೊರಗಿನ ತಪಾಸಣೆಗಾರರ ಬಂಧನವಾಯಿತು. ಪಾಲಿಕೆಯ ಹಿರಿಯ ಇಂಜಿನಿಯರರ ಬಂಧನವಾಯಿತು. ತಪ್ಪು ಯಾರದೆಂದು ತೀರ್ಮಾನಿಸುವುದು ಕೋರ್ಟಿನ ಕೆಲಸ. ಆದರೆ ಕಾವಲಿಗೆ ಇಟ್ಟವರ ಮೇಲೆಯೇ ಕಾವಲು ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಏಕೆ? ಮೇಲಾಗಿ 2022ರ ಮಾರ್ಚಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದು, ಮೂರು ವರ್ಷಕ್ಕೂ ಹೆಚ್ಚು ಕಾಲ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. 6,000 ಕೋಟಿಯ ಕಂತ್ರಾಟು ಹೊರಟದ್ದು ಆ ಕಾಲದಲ್ಲಿಯೇ. ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲು ನಮ್ಮ ವಾರ್ಡಿನ ಪ್ರತಿನಿಧಿಯೇ ಇರಲಿಲ್ಲ.

ಎರಡನೆಯದು ನಮ್ಮ ಹೊಟ್ಟೆಯ ಭಯ. ರಸ್ತೆಯಲ್ಲಿ ನಡೆಯುವವರಷ್ಟೇ ನಮ್ಮವರಲ್ಲ, ರಸ್ತೆ ಹಾಕುವವರಲ್ಲಿಯೂ ನಮ್ಮವರಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಮಳೆಯಿಲ್ಲದೆ ಹೊಲ ಬಿಟ್ಟು ಬಂದವರು ಇಲ್ಲಿ ನಾಕಾದ ಮೇಲೆ ಕೂಲಿಗಾಗಿ ಕಾದು ನಿಂತು, ಕುದಿಯುವ ಡಾಂಬರಿನ ಹೊಗೆ ಕುಡಿಯುತ್ತಾರೆ. ಪಾಲಿಕೆ ಕಂತ್ರಾಟುದಾರನಿಗೆ ದಂಡ ಹಾಕಿದರೆ ಅವನು ಅದನ್ನು ತನ್ನ ಲಾಭದಿಂದ ಕೊಡುವನೇ, ಅಥವಾ ಈ ಕೂಲಿಗಳ ಪಗಾರದಿಂದ ಮುರಿಯುವನೇ? ಖರಾಬು ಬಟ್ಟೆಯ ಕತೆ ಗೊತ್ತಿರುವವರಿಗೆ ಉತ್ತರ ಹೇಳಬೇಕಾಗಿಲ್ಲ. ಕಂತ್ರಾಟಿನ ನೂರು ಪುಟದಲ್ಲಿ ಗುಂಡಿಯ ಆಳಕ್ಕೆ ಅಳತೆಯಿರುತ್ತದೆ, ಕೂಲಿಯ ಪಗಾರಕ್ಕೂ ಒಂದು ಪುಟ ಬೇಕು. ಪಾಲಿಕೆಯ ಕಸದ ಕೆಲಸದಲ್ಲಿದ್ದ 2,700 ಕಂತ್ರಾಟು ಕಾರ್ಮಿಕರು ತಾವು ಪಾಲಿಕೆಯ ನೌಕರರೇ ಎಂದು ಸಾಧಿಸಲು ವರ್ಷಗಟ್ಟಲೆ ಹೋರಾಡಿ, 2017ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆಲ್ಲಬೇಕಾಯಿತು. ಕಂತ್ರಾಟುದಾರ ಪಗಾರ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಮಾಲೀಕನೇ ಕೊಡಬೇಕೆಂಬ ತತ್ವ 1970ರ ಕಾಯ್ದೆಯಿಂದ ಬಂದದ್ದು. ಅದು ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಉಳಿದಿದೆ. ಕಾಗದದ ಮೇಲಿನ ಆ ತತ್ವ ರಸ್ತೆಗೆ ಇಳಿಯಬೇಕು.

ಕಂತ್ರಾಟೇ ಬೇಡ, ಎಲ್ಲವನ್ನೂ ಪಾಲಿಕೆಯ ಕಾಯಂ ನೌಕರರೇ ಮಾಡಲಿ ಎನ್ನುವ ಮಿತ್ರರು ನಮ್ಮಲ್ಲಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಅಂಥ ದಿನ ಬಂದರೆ ಮೊದಲು ಸಂತೋಷಪಡುವವರು ನಾವೇ. ಆದರೆ ರಸ್ತೆಯ ಕೆಲಸ ಈಗಾಗಲೇ ಕಂತ್ರಾಟಿನಲ್ಲಿದೆ. ಇಂದಿನ ಪ್ರಶ್ನೆ ಗುಂಡಿಗೆ ಬಿಲ್ಲು ಕೊಡುವ ಕಂತ್ರಾಟೋ, ಗುಂಡಿಗೆ ದಂಡ ಹಾಕುವ ಕಂತ್ರಾಟೋ ಎಂಬುದು. ಮಳೆಯ ಮೇಲೆ ತಪ್ಪು ಹೊರಿಸುವವರಿಗೆ ಒಂದೇ ಮಾತು: ಮುಂಬಯಿಯ ಮಳೆ ಪ್ರತಿ ವರ್ಷ ಬರುತ್ತದೆ, ಟೆಂಡರು ತುಂಬುವಾಗ ಅದು ಅವರಿಗೆ ತಿಳಿದೇ ಇರುತ್ತದೆ. ಹೊಸ ರಸ್ತೆಯನ್ನು ನೀರಿನವರು, ಗ್ಯಾಸಿನವರು, ಕೇಬಲ್ಲಿನವರು ಅಗೆದು ಹಾಕುತ್ತಾರೆಂಬ ದೂರು ಮಾತ್ರ ನ್ಯಾಯವಾದದ್ದು. ಅಗೆತಕ್ಕೆ ಅಪ್ಪಣೆ ಕೊಡುವುದು ಪಾಲಿಕೆ. ಅದರ ಹೊಣೆಯನ್ನು ಪಾಲಿಕೆಯೇ ಹೊರಲಿ.

ಆದುದರಿಂದ ನಮ್ಮ ಬೇಡಿಕೆಗಳು ಇವು. ರಸ್ತೆ ದುರಸ್ತಿಯ ಹಣವನ್ನು ಸರಕಿನ ಲೆಕ್ಕಕ್ಕಲ್ಲ, ರಸ್ತೆಯ ಸ್ಥಿತಿಯ ಲೆಕ್ಕಕ್ಕೆ ಕೊಡಬೇಕು. ತಿಂಗಳ ಅಳತೆಯನ್ನೂ ಕಡಿತದ ಮೊತ್ತವನ್ನೂ ವಾರ್ಡು ಕಚೇರಿಯ ಬಾಗಿಲಿಗೆ ಮರಾಠಿಯಲ್ಲಿ, ಜನ ಓದುವ ಅಕ್ಷರದಲ್ಲಿ ಅಂಟಿಸಬೇಕು. ಕೂಲಿಗಳ ಪಗಾರ ಬ್ಯಾಂಕಿಗೆ ಜಮೆಯಾದ ಪುರಾವೆ ಬಾರದೆ ಕಂತ್ರಾಟುದಾರನ ತಿಂಗಳ ಹಣ ಬಿಡಬಾರದು. ದಂಡದ ಒಂದು ಪೈಸೆಯೂ ಕೂಲಿಯ ಪಗಾರದಿಂದ ಹೋಗಬಾರದು.

ಬಂಧುಗಳೇ, ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರಬೇಡಿರಿ. ನಿಮ್ಮ ದಾರಿಯ ಗುಂಡಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿರಿ. ಸ್ಥಳ, ತಾರೀಖು ಬರೆದಿಡಿರಿ. ಪಾಲಿಕೆಯ 1916 ಸಂಖ್ಯೆಗೆ ದೂರು ಕೊಟ್ಟು ಅದರ ನಂಬರನ್ನು ಕೇಳಿ ಪಡೆಯಿರಿ. 48 ಗಂಟೆ ಕಳೆದರೂ ಮುಚ್ಚದಿದ್ದರೆ ಆ ಚೀಟಿಯನ್ನು ಸಂಘಕ್ಕೆ ತನ್ನಿರಿ. ಓದು ಬರಹ ಬಾರದವರಿಗೆ ರಾತ್ರಿ ಶಾಲೆ ಕಲಿತವರು ಬರೆದುಕೊಡಲಿ. ಡಾಂಬರಿನ ಕೆಲಸ ಮಾಡಿ ಪಗಾರ ಸಿಗದವರೂ ಹೆದರದೆ ಬನ್ನಿರಿ. ಒಬ್ಬನ ದೂರು ಕಚೇರಿಯ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಐನೂರು ಚೀಟಿ ಕೈಯಲ್ಲಿ ಹಿಡಿದು ಐನೂರು ಜನ ವಾರ್ಡು ಕಚೇರಿಯ ಮೆಟ್ಟಿಲೇರಿದರೆ ಸಾಹೇಬರು ಕುರ್ಚಿ ಬಿಟ್ಟು ಏಳುತ್ತಾರೆ.